ಕಿಟಕಿಗೆ ಸಿಕ್ಕಿಸಿದ ಕೈ

ನಮ್ಮ ಅಡಿಗೆಮನೆಯ ಪಡು ಬದಿಯ ಕಿಟಕಿಯಲ್ಲಿ ಒಂದು ಗಾಜು ಒಡೆದು ಬಹಳ ಸಮಯವಾಗಿತ್ತು. ಈಗ ಆ ಜಾಗದಲ್ಲಿ ನನ್ನ ಬಲಗೈ ಉಂಟು. ಹೆದರಬೇಡಿ, ಕೈಯ ಎಕ್ಸ್‌ರೇ. ಗಾಜಿನ ಅಳತೆಗೆ ಹೆಚ್ಚುಕಡಿಮೆ ಸರಿಯಾಗಿ ಬಂತು. ಅಂಚನ್ನು ಸ್ವಲ್ಪ ಮಡಚಿ ಮೊಳೆ ಹೊಡೆದೆ. ಮಧ್ಯಾಹ್ನ ಕಳೆದು ಬಿಸಿಲು ಆ ಬದಿಗೆ ಬಂದ ಮೇಲೆ ಬೆರಳುಗಳೂ ಮಣಿಗಂಟೂ ಬೆಳ್ಳಗೆ ಹೊಳೆಯುತ್ತವೆ. ಮೀನು ಮಾರುವ ಹೆಂಗಸು ಮೊದಲ ಸಲ ನೋಡಿದಾಗ ತಲೆಯ ಮೇಲಿನ ಬುಟ್ಟಿ ಇಳಿಸದೆ ಹಾಗೆಯೇ ಹಿಂದೆ ಸರಿದಳು.

“ಅದು ಎಂಥದು ಮಾರಾಯ್ತಿ, ಸತ್ತವರದ್ದಾ?”

“ನಂದೇ. ಸಾಯ್ಲಿಕ್ಕೆ ಇನ್ನೂ ಸಮಯ ಉಂಟು” ಎಂದೆ.

ಪೆಟ್ಟಿಗೆಯಲ್ಲಿ ಇಟ್ಟರೆ ಅದರಿಂದ ಏನು ಉಪಯೋಗ? ಇಲ್ಲಿಯಾದರೆ ಕಾಗೆ ಒಳಗೆ ಬರುವುದಿಲ್ಲ. ಕಾಗೆ ಬರುವುದು ನಿಂತದ್ದು ನಿಜ. ಮೀನಿನವಳೂ ಈಗ ಜಗಲಿಗೆ ಹತ್ತುವುದಿಲ್ಲ, ಅಂಗಳದಿಂದಲೇ ಕೂಗಿ, ಕೊಟ್ಟು ಹೋಗುತ್ತಾಳೆ. ಮೊದಲು ಕುಳಿತು ಒಂದು ಎಲೆ ಜಗಿದು, ಊರಿನವರ ಮೇಲೆಲ್ಲ ನಾಲ್ಕು ಮಾತು ಆಡಿ ಏಳುತ್ತಿದ್ದಳು. ಅದೊಂದು ನಷ್ಟ.

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು ನಾನು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ, ಬಟ್ಟೆ ಹಿಂಡಿ, ರಬ್ಬರು ಚೆಂಡು ಒತ್ತಿ, ಆಗುವುದಾದರೆ ಪೆನ್ನು ಹಿಡಿದು ಬರೆಯಿರಿ, ಮಣಿಗಂಟು ಸಡಿಲಾಗುತ್ತದೆ ಎಂದಳು. ಏನು ಬರೆಯಲಿ ಎಂದು ಕೇಳಿದರೆ, ನೆನಪಿಗೆ ಬಂದದ್ದು ಬರೆಯಿರಿ ಅಜ್ಜಿ ಎಂದು ಆಚೆಯವರ ಮೊಣಕಾಲು ಹಿಡಿಯಲು ಹೋದಳು. ಚೆಂಡನ್ನು ಬೆಕ್ಕು ಎಲ್ಲಿಗೋ ಕೊಂಡುಹೋಗಿದೆ. ಹಾಗಾಗಿ ಈ ಪೆನ್ನು.

ವಾಮದಪದವಿನ ಜಂಕ್ಷನ್ನಿನಲ್ಲಿ ನಮ್ಮದೊಂದು ಹೋಟೆಲು. ಹೋಟೆಲು ಎಂದರೆ ನಾಲ್ಕು ಬೆಂಚು, ಒಂದು ಕನ್ನಡಿ ಕಪಾಟು, ಹಿಂದೆ ಹೊಗೆ ಹಿಡಿದ ಒಲೆ. ನನ್ನ ಗಂಡ ಶುರು ಮಾಡಿದ್ದು. ಅವರು ಹೋದ ಮೇಲೆ ಮಗ ಸುಧಾಕರ ದುಡ್ಡಿನ ಗಲ್ಲೆಯ ಮುಂದೆ ಕುಳಿತ, ಸೊಸೆ ವನಿತಾ ಚಹಾ ಮತ್ತು ಪಲ್ಯ ನೋಡಿಕೊಂಡಳು, ನಾನು ಬಾಣಲೆಯ ಮುಂದೆ ನಿಂತೆ. ನನ್ನದು ಗೋಳಿಬಜೆ. ಮೈದಾ, ಹುಳಿ ಮಜ್ಜಿಗೆ, ಹಸಿಮೆಣಸು, ಶುಂಠಿ, ತೆಂಗಿನಕಾಯಿಯ ಚೂರು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕೈ. ಬೆರಳನ್ನು ನೀರಿನಲ್ಲಿ ಅದ್ದಿ ಹಿಟ್ಟು ಎತ್ತಬೇಕು, ಹೆಬ್ಬೆರಳಿನಿಂದ ಎಣ್ಣೆಗೆ ತಳ್ಳಬೇಕು, ತಳ್ಳುವಾಗಲೇ ಮಣಿಗಂಟು ಒಮ್ಮೆ ತಿರುಗಬೇಕು. ತಿರುಗಿದರೆ ಉಂಡೆ. ತಿರುಗದಿದ್ದರೆ ಬಾಲ ಬೆಳೆಯುತ್ತದೆ, ಕಪ್ಪೆಮರಿಯ ಹಾಗೆ. ಬಾಲ ಇರುವ ಗೋಳಿಬಜೆಯನ್ನು ನಾನು ಕಪಾಟಿಗೆ ಇಡಲಿಕ್ಕೆ ಬಿಡುತ್ತಿರಲಿಲ್ಲ.

ಮಾತಿನವಳು ನಾನಲ್ಲ. ಆದರೆ ಬಯ್ಯಲಿಕ್ಕೆ ಜನ ಬೇಕು. ಬಾಣಲೆಯ ಮುಂದೆ ನಿಂತರೆ ಅದಕ್ಕೆ ಕೊರತೆಯಿಲ್ಲ. ಜೀಪಿನ ಡ್ರೈವರು ತಡ ಎಂದರೆ ಅವನಿಗೆ, ಎಣ್ಣೆ ಹಳತಾ ಎಂದು ಕೇಳಿದ ಮೇಷ್ಟ್ರಿಗೆ, ಹಾಲು ನೀರು ಮಾಡಿದವನಿಗೆ, ಎಲ್ಲರಿಗೂ ತಿರುಗಿ ನೋಡದೆ ಒಂದೊಂದು ಕೊಡುತ್ತಿದ್ದೆ. ಅವರಿಗೂ ಅದಿಲ್ಲದೆ ಚಹಾ ಇಳಿಯುತ್ತಿರಲಿಲ್ಲ ಎಂದು ನನ್ನ ಲೆಕ್ಕ.

ಒಂದು ದಿನ ಒಲೆಯ ಹತ್ತಿರ ಚೆಲ್ಲಿದ ನೀರಿಗೆ ಕಾಲಿಟ್ಟೆ. ಕೈ ಊರಿದೆ. ಕಡ್ಡಿ ಮುರಿದ ಹಾಗೆ ಸದ್ದು ಬಂತು. ಎದ್ದು ನೋಡಿದರೆ ಮಣಿಗಂಟು ಊಟದ ಚಮಚದ ಹಾಗೆ ಬಾಗಿತ್ತು. ಬಾಣಲೆಯಲ್ಲಿ ಬಿಟ್ಟದ್ದು ಕರಟಿಹೋಗುತ್ತದೆ ಎಂದು ಎಡಗೈಯಲ್ಲಿ ಅದನ್ನು ತೆಗೆದು, ಆಮೇಲೆ ಮಗನನ್ನು ಕರೆದೆ.

ಮೂಡಬಿದ್ರೆಯ ಡಾಕ್ಟ್ರು ಚಿಕ್ಕ ಪ್ರಾಯದವರು. ಎರಡು ಬದಿಯಿಂದ ಫಿಲ್ಮು ತೆಗೆಸಿ, ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ತೋರಿಸಿದರು. ಬಿಳಿ ಎಲುಬಿನ ಮೇಲೆ ಒಂದು ಕಪ್ಪು ಗೆರೆ. “ಈ ಗೆರೆ ಮಸುಕಾಗ್ಬೇಕು ಅಜ್ಜಿ. ಮತ್ತೆ ಮತ್ತೆ ಫಿಲ್ಮು ತೆಗೆದು ನೋಡ್ತೇವೆ. ಗೆರೆ ಕಾಣದ ಹಾಗೆ ಆದ ದಿನ ಎಲುಬು ಕೂಡಿತು ಅಂತ.” ನಾನು ಶಾಲೆಯಲ್ಲಿ ಕಲಿತದ್ದು ಗೆರೆ ಸ್ಪಷ್ಟ ಇರಬೇಕು ಎಂದು. ಮಸುಕಾಗಲಿ ಎಂದು ಕಾಯುವ ಗೆರೆಯನ್ನು ಮೊದಲ ಸಲ ನೋಡಿದೆ.

ಎಲುಬನ್ನು ಎಳೆದು ಕೂರಿಸಿ ಮೊಣಕೈಯ ಕೆಳಗಿನಿಂದ ಅಂಗೈಯವರೆಗೆ ಪ್ಲಾಸ್ಟರು ಹಾಕಿದರು. ಹೊರಗೆ ಉಳಿದ ಬೆರಳಿನ ಉಗುರು ಒತ್ತಿ ಬಿಟ್ಟರು. ಬೆಳ್ಳಗಾದದ್ದು ಕೆಂಪಾಯಿತು. ರಕ್ತ ಓಡುತ್ತಾ ಉಂಟು, ಬೆರಳು ಆಡಿಸುತ್ತಾ ಇರಿ, ಸುಮ್ಮನೆ ಇಟ್ಟರೆ ಗಟ್ಟಿಯಾಗುತ್ತದೆ ಎಂದರು. ಒಂದು ವಾರ ಬಿಟ್ಟು ಬರಬೇಕು, ಎಲುಬು ಒಳಗೆ ಜಾರಿದೆಯೋ ಎಂದು ನೋಡಬೇಕು.

ಬಸ್ಸಿನಲ್ಲಿ ಬರುವಾಗ ಮಗ ಹೇಳಿದ, ಕಲ್ಲಡ್ಕದ ಬದಿಯಲ್ಲಿ ಹೋಟೆಲಿನಲ್ಲಿದ್ದ ಶೀನ ಎಂಬವನೊಬ್ಬ ಉಂಟು, ಅವನನ್ನು ಬಾಣಲೆಗೆ ನಿಲ್ಲಿಸುತ್ತೇನೆ.

“ನಿನ್ನ ಕೈ ಸರಿಯಾಗುವವರೆಗೆ ಮಾತ್ರ ಅಮ್ಮ.”

ನಾನು ಹೂಂ ಎಂದೆ. ಆವತ್ತಿನಿಂದ ಆ ಕಪ್ಪು ಗೆರೆ ನನ್ನ ಮತ್ತು ಬಾಣಲೆಯ ನಡುವಿನ ಗೆರೆ ಎಂದೇ ಇಟ್ಟುಕೊಂಡೆ. ಅದು ಮಾಸಿದ ದಿನ ಶೀನ ಕಲ್ಲಡ್ಕದ ಬಸ್ಸು ಹತ್ತಬೇಕು.

ಬೆಳಿಗ್ಗೆ ಮಗ, ಸೊಸೆ ಸ್ಕೂಟರಿನಲ್ಲಿ ಹೋದರೆ ಸಂಜೆಗೇ ಬರುವುದು. ಮೊಮ್ಮಗಳು ಹಾಸ್ಟೆಲಿನಲ್ಲಿ. ಬಾಗಿಲಲ್ಲಿ ಹಳೆಯ ಚಪ್ಪಲಿ ಮಾತ್ರ ಎಲ್ಲರದ್ದೂ ಇರುತ್ತದೆ. ಬನ್ಸಿನ ಹಿಟ್ಟು ಮೊದಲಿನಿಂದಲೂ ಮನೆಯಲ್ಲೇ ಕಲಸಿ ಮರುದಿನಕ್ಕೆ ಕೊಂಡುಹೋಗುವ ಕ್ರಮ. ಬೆರಳು ಆಡಿಸಬೇಕು ಎಂದು ಡಾಕ್ಟ್ರೇ ಹೇಳಿದ್ದಾರೆ. ಬೆರಳಿಗೆ ಬನ್ಸಿನ ಹಿಟ್ಟಿನಷ್ಟು ಒಳ್ಳೆಯ ಕೆಲಸ ಬೇರೆ ಯಾವುದುಂಟು? ಕಳಿತ ಬಾಳೆಹಣ್ಣು, ಸಕ್ಕರೆ, ಮೊಸರು, ಮೈದಾ ಎಲ್ಲ ಹಾಕಿ, ಪ್ಲಾಸ್ಟರಿನಿಂದ ಇಣುಕುವ ಬೆರಳಿನಿಂದಲೇ ದಿನಾ ಮಧ್ಯಾಹ್ನ ನಾದಿದೆ. ವನಿತಾ ಸಂಜೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿ ಒಳಗೆ ಹೋದಳು. ಅವಳಿಗೂ ಸುಸ್ತಾಗಿರುತ್ತದೆ.

ಪ್ಲಾಸ್ಟರಿನ ಒಳಗೆ ತುರಿಸಲಿಕ್ಕೆ ಶುರುವಾಯಿತು. ಎಲುಬು ಕೂಡುವಾಗ ಹಾಗೆಯೇ ಇರಬೇಕು ಎಂದುಕೊಂಡೆ. ಆಮೇಲೆ ಕಚ್ಚಲಿಕ್ಕೆ ಶುರುವಾಯಿತು. ಅದನ್ನೂ ಎಲುಬಿನ ಲೆಕ್ಕಕ್ಕೇ ಹಾಕಿದೆ. ವಾರ ಕಳೆದು ಡಾಕ್ಟ್ರ ಮೇಜಿನ ಮೇಲೆ ಕೈ ಇಟ್ಟರೆ, ಅಂಗೈಯ ಹತ್ತಿರದ ಸಂದಿನಿಂದ ಒಂದು ಕೆಂಪು ಇರುವೆ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು. ಡಾಕ್ಟ್ರು ಮೂಗು ಹತ್ತಿರ ತಂದು ಮೂಸಿದರು.

“ಅಜ್ಜಿ, ಒಳಗೆ ಎಂಥ ಸಾಕಿದ್ದೀರಿ?”

“ನೀವೇ ಬೆರಳು ಆಡಿಸ್ಲಿಕ್ಕೆ ಹೇಳಿದ್ದಲ್ವಾ.”

“ಬಾಳೆಹಣ್ಣಿನಲ್ಲಿ ಆಡಿಸಿ ಅಂತ ಹೇಳಿದ್ನಾ?”

ನರ್ಸು ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ಆಚೆ ಹೋದರು. ಪ್ಲಾಸ್ಟರು ತೇವ ಎಳೆದು ಮೆತ್ತಗಾಗಿತ್ತಂತೆ. ಬಿಚ್ಚಿ ತೊಳೆದು ಹೊಸ ಫಿಲ್ಮು ತೆಗೆದರು. ಹಳತರ ಬದಿಯಲ್ಲಿ ಹೊಸತನ್ನು ಸಿಕ್ಕಿಸಿದಾಗ ನನಗೂ ಕಂಡಿತು, ತುಂಡು ತುಸು ಜಾರಿದೆ. ಡಾಕ್ಟ್ರು ನಗುವುದನ್ನು ನಿಲ್ಲಿಸಿದರು. ಮತ್ತೊಮ್ಮೆ ಎಳೆದು ಕೂರಿಸುತ್ತೇನೆ, ಇನ್ನು ಜಾರಿದರೆ ಕೊಯ್ದು ಪ್ಲೇಟು ಇಡಬೇಕಾದೀತು, ಮಣಿಗಂಟು ಮೊದಲಿನ ಹಾಗೆ ತಿರುಗುತ್ತದೆ ಎಂದು ನಾನು ಹೇಳಲಾರೆ ಎಂದರು. ತಿರುಗದಿದ್ದರೆ ಬಾಲ. ನಾನು ಮತ್ತೆ ಹಿಟ್ಟಿನ ಪಾತ್ರೆಯ ಕಡೆ ನೋಡಲಿಲ್ಲ.

ಸುಮ್ಮನೆ ಕುಳಿತುಕೊಳ್ಳುವುದು ಎಂಥ ಕೆಲಸ ಎಂದು ಆಮೇಲೆ ಗೊತ್ತಾಯಿತು. ಮೊದಮೊದಲು ಜನ ಬಂದರು. ಬಿಳಿ ಪ್ಲಾಸ್ಟರಿಗೆ ಒಂದು ಮರ್ಯಾದೆ ಉಂಟು. ಬಿಸ್ಕುಟು, ಎಳನೀರಿನ ಬೊಂಡ ತಂದು, ಒಂದು ಮಾತು ನನ್ನ ಕೈಯ ಬಗ್ಗೆ ಕೇಳಿ, ಆಮೇಲೆ ತಮ್ಮ ತಮ್ಮ ಮುರಿದ ಎಲುಬಿನ ಕತೆ ಹೇಳಿದರು. ಪ್ರತಿಯೊಬ್ಬರದ್ದೂ ನನ್ನದಕ್ಕಿಂತ ಜೋರು. ಒಬ್ಬಳಂತೂ ತನ್ನ ಭಾವನ ತೊಡೆಯ ಎಲುಬಿನ ಬಗ್ಗೆ ಹೇಳಿ, ನನ್ನದು ಇದೆಂಥ ಎಂಬ ಹಾಗೆ ನೋಡಿ ಹೋದಳು. ಬಿಸ್ಕುಟು ಮುಗಿಯುವ ಹೊತ್ತಿಗೆ ಬರುವುದೂ ಮುಗಿಯಿತು. ಮತ್ತೆ ಮಾತಿಗೆ ಸಿಕ್ಕಿದ್ದು ಫೋನಿನ ಕಂಪೆನಿಯ ಹೆಂಗಸು, ಒಂದು ಒತ್ತಿ ಎರಡು ಒತ್ತಿ ಎನ್ನುವವಳು. ಬೇರೆಯವರು ಅವಳ ಮಾತು ಅರ್ಧಕ್ಕೆ ಕತ್ತರಿಸುತ್ತಾರೆ. ನಾನು ಕೊನೆಯವರೆಗೆ ಕೇಳಿದ್ದೇನೆ. ಒಳ್ಳೆಯ ಕನ್ನಡ.

ಆಗಲೇ ನನಗೆ ಬಾಬು ಪಂಡಿತರ ನೆನಪಾದದ್ದು. ನನ್ನ ತವರು ಕೊಕ್ಕಡದ ಬದಿ. ನನ್ನ ತಮ್ಮ ದೇಜಪ್ಪ ಗೇರುಮರದಿಂದ ಬಿದ್ದು ಕೈ ಮುರಿದುಕೊಂಡಾಗ ಡಾಕ್ಟ್ರು ಎಂದರೆ ಬೆಳ್ತಂಗಡಿಯೇ, ಬಸ್ಸು ಬಂದರೆ ಬಂತು. ಹಾಗಾಗಿ ಎಲುಬು ಕಟ್ಟುವ ಬಾಬು ಪಂಡಿತರ ಮನೆಗೆ ಅಪ್ಪ ಅವನನ್ನು ಹೆಗಲಲ್ಲಿ ಹೊತ್ತು ನಡೆದರು, ಹಿಂದಿನಿಂದ ನಾನು, ಕಟ್ಟು ಹಾಕಲಿಕ್ಕೆ ಬೇಕಾದ ಕೋಳಿಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡು. ಪಂಡಿತರು ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಹಚ್ಚಿ, ಬಿದಿರಿನ ಸೀಳು ಇಟ್ಟು ಬಟ್ಟೆ ಸುತ್ತಿದರು. ಆಮೇಲೆ ವಾರಕ್ಕೊಮ್ಮೆ ಹೋಗಬೇಕು. ಅವರಲ್ಲಿ ಫಿಲ್ಮೂ ಇಲ್ಲ, ಬೆಳಕಿನ ಪೆಟ್ಟಿಗೆಯೂ ಇಲ್ಲ. ದೇಜಪ್ಪನನ್ನು ಎದುರು ಕೂರಿಸಿ ಏನಾದರೂ ಮಾತಿಗೆ ಎಳೆಯುವರು. ನಿಮ್ಮ ಕರು ಹಾಲು ಬಿಟ್ಟಿತಾ, ಮರದಲ್ಲಿ ಎಷ್ಟು ಮೇಲಿದ್ದೆ, ಯಾವ ಗೆಲ್ಲು ಹಿಡಿದಿದ್ದೆ. ಅವನು ಹೇಳುತ್ತಾ ಹೋಗುವಾಗ ಇವರ ಹೆಬ್ಬೆರಳು ಬಟ್ಟೆಯ ಮೇಲೆ ಒತ್ತುತ್ತಾ ಬರುತ್ತಿತ್ತು. ಮಾತು ಎಲ್ಲಿ ತಡೆಯಿತೋ ಅಲ್ಲಿ ಬೆರಳು ನಿಲ್ಲುತ್ತಿತ್ತು. ಇನ್ನೂ ಇಲ್ಲಿ ಹಸಿ ಉಂಟು, ಇನ್ನೊಂದು ವಾರ, ಎಂದು ಅಪ್ಪನ ಕಡೆ ತಿರುಗಿ ಹೇಳುವರು. ಮುಖಕ್ಕೆ ಹಲ್ಲು ಕಚ್ಚಿ ಸುಮ್ಮನಿರಲಿಕ್ಕೆ ಗೊತ್ತುಂಟು, ಮಾತಿಗೆ ಗೊತ್ತಿಲ್ಲ ಎಂದು ಅವರ ವಿದ್ಯೆ.

ಅವರನ್ನು ದೇವರು ಮಾಡಬೇಡಿ. ದೇಜಪ್ಪನ ಕೈ ಸೊಟ್ಟಗೇ ಕೂಡಿತು. ಮೊಣಕೈ ಪೂರ್ತಿ ನೆಟ್ಟಗೆ ಆಗಲೇ ಇಲ್ಲ. ಅವನು ಯಾರಿಗೆ ದಾರಿ ತೋರಿಸಿದರೂ ಅವರು ಪಕ್ಕದ ಮನೆಗೆ ಹೋಗುತ್ತಾರೆ ಎಂದು ನಾನು ಈಗಲೂ ತಮಾಷೆ ಮಾಡುವುದುಂಟು. ತಮಾಷೆ ಮಾಡಲಿಕ್ಕೆ ಈಗ ಅವನಿಲ್ಲ, ಅದು ಬೇರೆ.

ಮುಂದಿನ ಸಲ ಫಿಲ್ಮು ತೆಗೆದಾಗ ಗೆರೆಯ ಅಂಚಿನಲ್ಲಿ ಹೊಗೆ ಹಿಡಿದ ಹಾಗೆ ಬಿಳಿ ಕಂಡಿತು. ಹೊಸ ಎಲುಬು, ಡಾಕ್ಟ್ರು ಹೇಳಿದರು. ಈ ಪ್ರಾಯದಲ್ಲಿ ನನ್ನ ಮೈಯಲ್ಲಿ ಹೊಸತು ಏನಾದರೂ ಹುಟ್ಟುತ್ತದೆ ಎಂದು ನಾನು ತಿಳಿದಿರಲಿಲ್ಲ. ಬಸ್ಸಿನಲ್ಲಿ ಪಕ್ಕದವಳಿಗೆ ಹೇಳುವ ಎಂದು ತಿರುಗಿದೆ, ಅವಳು ಕಿವಿಗೆ ಫೋನಿನ ದಾರ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು.

ಪ್ಲಾಸ್ಟರು ಕೊಯ್ದ ದಿನ ಹೊರಗೆ ಬಂದ ಕೈಯನ್ನು ನನ್ನದು ಎನ್ನಲಿಕ್ಕೆ ಮನಸ್ಸು ಬರಲಿಲ್ಲ. ಸಪೂರ, ಸಿಪ್ಪೆ ಎದ್ದದ್ದು, ಹಲ್ಲಿಯ ಹೊಟ್ಟೆಯ ಬಣ್ಣ. ಡಾಕ್ಟ್ರು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ನೋವುಂಟಾ ಎಂದು ಕೇಳಿದರು. ನೋವಾಯಿತು. ನೋವುಂಟು ಎಂದರೆ ಇನ್ನೂ ಒಂದಷ್ಟು ವಾರ ಶೀನನಿಗೆ ಸಿಗುತ್ತದೆ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಾ ಇಲ್ಲ ಎಂದೆ. ಅವರು ಒತ್ತುವಾಗ ಕೈ ನೋಡುವುದಿಲ್ಲ, ಮುಖ ನೋಡುತ್ತಾರೆ ಎಂದು ಆಗ ಗೊತ್ತಾಯಿತು.

“ಮುಖ ನೋಡಿ ಹೇಳುವುದಾದ್ರೆ ನಿಮ್ಮದು ಬಿದ್ದ ದಿನವೇ ಗುಣ ಆಗಿತ್ತು ಅಜ್ಜಿ. ಸರಿಯಾಗಿ ಹೇಳಿ, ನೋವುಂಟಾ?”

“ಉಂಟು.”

“ಜೋರಾ?”

“ನೀವು ಒತ್ತುವಷ್ಟು.”

ನಕ್ಕು, ತಮ್ಮ ಎರಡು ಬೆರಳು ನನ್ನ ಅಂಗೈಯಲ್ಲಿಟ್ಟು ಹಿಂಡಲಿಕ್ಕೆ ಹೇಳಿದರು. ಹಿಂಡಿದೆ. ಇನ್ನೂ ಎಂದರು. ಗಂಡ ಹೋದ ಮೇಲೆ ಬಸ್ಸಿನ ಕಂಬಿ ಬಿಟ್ಟರೆ ನಾನು ಯಾರ ಕೈಯನ್ನೂ ಹಿಡಿದದ್ದಿಲ್ಲ. ಡಾಕ್ಟ್ರ ಕೈ ತಣ್ಣಗಿತ್ತು, ಸೋಪಿನ ವಾಸನೆ. ಶಕ್ತಿ ಬರಬೇಕು ಎಂದು ಬೆರಳು ಬಿಡಿಸಿಕೊಂಡರು. ಅಂಗೈ ಮೇಲೆ ಮಾಡಿ, ಕೆಳಗೆ ಮಾಡಿ ಎಂದರು. ಕೆಳಗೆ ಆಯಿತು, ಮೇಲೆ ಅರ್ಧಕ್ಕೆ ನಿಂತಿತು. ನಿಮಗೆ ಮುಖ್ಯವಾಗಿ ಈ ಕೈಯಿಂದ ಏನು ಆಗಬೇಕು ಎಂದು ಕೇಳಿದರು. ಹೇಳಿದರೆ ಅರ್ಥವಾಗುವ ವಿಷಯವಲ್ಲ. ಅಲ್ಲಿಯೇ ಎದ್ದು ನಿಂತು, ಇಲ್ಲದ ನೀರಿನಲ್ಲಿ ಬೆರಳು ಅದ್ದಿ, ಇಲ್ಲದ ಹಿಟ್ಟು ಎತ್ತಿ, ಅವರ ಮೇಜಿನ ಮೇಲೆ ಗೋಳಿಬಜೆ ಬಿಟ್ಟು ತೋರಿಸಿದೆ. ಬಾಗಿಲ ಹತ್ತಿರ ಕಾಯುತ್ತಿದ್ದ ಕಾಲು ಮುರಿದವನೊಬ್ಬ ಕತ್ತು ಉದ್ದ ಮಾಡಿ ನೋಡಿದ. ಆಮೇಲೆ ಪ್ರತಿ ಸಲವೂ ಡಾಕ್ಟ್ರು ಫಿಲ್ಮು ನೋಡಿ, ಒತ್ತಿ, ಹಿಂಡಿಸಿ, ಕೊನೆಗೆ “ಎಲ್ಲಿ, ಗೋಳಿಬಜೆ ಬಿಡಿ” ಎನ್ನುತ್ತಿದ್ದರು. ಪ್ರತಿ ಸಲವೂ ಮಣಿಗಂಟು ತುಸು ಹೆಚ್ಚು ತಿರುಗಿತು.

ಕೊನೆಯ ಸಲ ಹೋದಾಗ ರೋಗಿಗಳು ಕಡಿಮೆ. ಡಾಕ್ಟ್ರು ನನ್ನ ಕೈ ಮೇಜಿನ ಮೇಲಿಟ್ಟುಕೊಂಡು ಹಿಟ್ಟು ಎಷ್ಟು ಹುಳಿ ಬರಬೇಕು ಎಂದು ಕೇಳಿದರು, ಅವರ ಮನೆಯಲ್ಲಿ ಮಾಡಿದರೆ ಕಲ್ಲಾಗುತ್ತದಂತೆ. ನಾನು ಶುರು ಮಾಡಿದೆ. ಮಜ್ಜಿಗೆ ಹಿಂದಿನ ದಿನದ್ದಾಗಬೇಕು, ಸೋಡಾ ಕೊನೆಗೆ, ಹಿಟ್ಟನ್ನು ಒಂದೇ ದಿಕ್ಕಿಗೆ ಬಡಿಯಬೇಕು, ನಿಮ್ಮ ಹೆಂಡತಿ ಎರಡೂ ದಿಕ್ಕಿಗೆ ಬಡಿಯುತ್ತಾರೆ, ಅದೇ ತಪ್ಪು. ಎಣ್ಣೆಯ ಬಿಸಿ ಹೇಳಿದೆ, ಬಾಲದ ವಿಷಯ ಹೇಳಿದೆ, ನನ್ನ ಗಂಡ ಬಾಲ ಇರುವುದನ್ನೇ ಹುಡುಕಿ ತಿನ್ನುತ್ತಿದ್ದರು ಎಂದೂ ಹೇಳಿದೆ. ಅಷ್ಟು ದಿನದ ಮಾತು ಒಮ್ಮೆಲೇ ಹೊರಗೆ ಬಂತು. ಅವರು ಕೈ ಬಿಟ್ಟು, ಪೆನ್ನಿನ ಮುಚ್ಚಳ ಹಾಕಿದರು.

“ಕೂಡಿದೆ ಅಜ್ಜಿ. ಇಷ್ಟು ಹೊತ್ತಿನಿಂದ ಒತ್ತುತ್ತಾ ಇದ್ದೇನೆ, ನಿಮಗೆ ಗೊತ್ತೇ ಆಗಲಿಲ್ಲ.”

ಮೂಡಬಿದ್ರೆಯ ಡಾಕ್ಟ್ರಿಗೆ ಕೊಕ್ಕಡದ ಬಾಬು ಪಂಡಿತರ ವಿದ್ಯೆ ಯಾರು ಕಲಿಸಿದರೋ. ಫಿಲ್ಮಿನಲ್ಲಿ ಗೆರೆ ಇರಲಿಲ್ಲ. ನಾನು ಕಣ್ಣು ಸಣ್ಣ ಮಾಡಿ ಹುಡುಕಿದೆ, ಎಲ್ಲಿ ಮುರಿದದ್ದು ಎಂದು ನನಗೇ ತಿಳಿಯಲಿಲ್ಲ. ಇನ್ನು ಯಾವಾಗ ಬರಲಿ ಎಂದು ಕೇಳಿದೆ. ಇನ್ನು ಬರಬೇಕಾಗಿಲ್ಲ ಎಂದರು. ಅದನ್ನು ಅವರು ಒಳ್ಳೆಯ ಸುದ್ದಿಯ ಹಾಗೆಯೇ ಹೇಳಿದರು.

ಮನೆಗೆ ಹೋಗದೆ ನೇರ ಜಂಕ್ಷನ್ನಿನಲ್ಲಿ ಇಳಿದೆ. ಸಂಜೆಯ ಹೊತ್ತು, ಬೆಂಚು ತುಂಬಿತ್ತು. ಮಗ ಗಲ್ಲೆಯಿಂದ ಎದ್ದು ಬಂದು ಫಿಲ್ಮಿನ ಲಕೋಟೆ ತೆಗೆದುಕೊಂಡ. ಕೂಡಿತಂತೆ ಎಂದೆ. ವನಿತಾಳಿಗೆ ನಿಜವಾಗಿ ಖುಷಿಯಾಯಿತು, ಸುಳ್ಳು ಹೇಳಬಾರದು. ಕೈ ತೊಳೆದು ಒಳಗೆ ಹೋದೆ. ಶೀನ ಬಾಣಲೆಯ ಮುಂದೆ ಇದ್ದ. ನಡುಪ್ರಾಯದವ, ಮಾತು ಕಡಿಮೆ. ನನ್ನನ್ನು ನೋಡಿ, ಬನ್ನಿ ಅಮ್ಮ, ಎಂದು ಪಕ್ಕಕ್ಕೆ ಸರಿದು ಜಾಲರಿ ಸೌಟು ಹಿಡಿದು ನಿಂತ. ಹಿಟ್ಟಿನ ಪಾತ್ರೆ ನಾನು ಇಡುವ ಬದಿಯಲ್ಲಿ ಇರಲಿಲ್ಲ, ಅವನು ಎಡಗೈಯವ. ನೀರಿನ ಬಟ್ಟಲೂ ಆಚೆ. ಕೈ ಅಡ್ಡ ಹಾಯಿಸಿ ಹಿಟ್ಟು ಎತ್ತಿ ಬಿಟ್ಟೆ. ಉಂಡೆಯಾಗಿಯೇ ಬಿತ್ತು. ಕೊನೆಯ ಎರಡು ಮೂರಕ್ಕೆ ಸಣ್ಣ ಬಾಲ. ಶೀನ ನಿಂತ ರೀತಿ, ಮನೆಗೆ ಬಂದವರು ಕೈ ತೊಳೆದು ಮುಗಿಸಲಿ ಎಂದು ಟವೆಲು ಹಿಡಿದು ಕಾಯುತ್ತಾರಲ್ಲ, ಆ ರೀತಿ.

ಅವನ ಜಾಗಕ್ಕೆ ನಾನು ಬಂದ ಹಾಗಿತ್ತು. ಬಾಣಲೆಯ ಸುತ್ತ ಎಲ್ಲವೂ ಅವನ ಕೈಗೆ ಹೊಂದಿಕೊಂಡಿತ್ತು. ಜೀಪಿನ ಡ್ರೈವರು ತಡ ಆಯಿತು ಎಂದು ಕೂಗಿದ್ದು ಶೀನನ ಹೆಸರು ಹಿಡಿದು. ನಾನು ಬಯ್ಯಲಿಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಶೀನ, ಬಂತು ಅಣ್ಣ, ಎಂದು ಮೆತ್ತಗೆ ಹೇಳಿ ಮುಗಿಸಿದ್ದ.

ವನಿತಾ ಗಲ್ಲೆಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದಳು. ಕೈ ಈಗಷ್ಟೇ ಸರಿಯಾದದ್ದು ಅತ್ತೆ, ಎಣ್ಣೆಯ ಹತ್ತಿರ ಯಾಕೆ, ಕೂತುಕೊಳ್ಳಿ, ನಿಮಗೆ ಬೇಕಾದಾಗ ಬನ್ನಿ, ಎಂದಳು. ಬೇಕಾದಾಗ ಬನ್ನಿ ಎಂದು ನೆಂಟರಿಗೆ ಹೇಳುವುದು. ಕುಳಿತೆ. ಮಗ ತಾನೇ ಒಂದು ಪ್ಲೇಟಿನಲ್ಲಿ ಗೋಳಿಬಜೆ ತಂದು ಮುಂದೆ ಇಟ್ಟ. ನಾನು ಬಿಟ್ಟದ್ದಲ್ಲ, ಶೀನ ಬಿಟ್ಟದ್ದು. ಒಂದು ಎತ್ತಿ ತಿರುಗಿಸಿ ನೋಡಿದೆ, ಬಾಲ ಇಲ್ಲ. ಮುರಿದೆ. ಒಳಗೆ ಜೇನುಗೂಡಿನ ಹಾಗೆ ಬಿಟ್ಟಿತ್ತು. ತಿಂದೆ. ಹುಳಿ ಸರಿ, ಮೆಣಸು ಸರಿ. ಒಂದು ತಪ್ಪು ಸಿಕ್ಕಿದರೆ ಸಾಕಿತ್ತು, ಎರಡನೆಯದನ್ನೂ ತಿಂದು ಹುಡುಕಿದೆ.

“ಹೇಗುಂಟು ಅಮ್ಮ?” ಮಗ ಕೇಳಿದ.

“ಲಾಯ್ಕ” ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಉಂಟು” ಎಂದೆ.

ಬಾಬು ಪಂಡಿತರಿದ್ದರೆ ಅವರ ಬೆರಳು ಅಲ್ಲಿಯೇ ನಿಲ್ಲುತ್ತಿತ್ತು. ಮಗನಿಗೆ ತಿಳಿಯಲಿಲ್ಲ. ಒಳಗೆ ಶೀನ ಮುಂದಿನ ಹಿಟ್ಟು ಬಿಡಲಿಕ್ಕೆ ಶುರು ಮಾಡಿದ್ದ, ಎಣ್ಣೆಯ ಸದ್ದು ಜೋರಾಗಿತ್ತು.